ಎಂಟನೆಯ ಹೊಡೆತಕ್ಕೆ ಹಿಡಿಯದ ಬ್ರೇಕ್

1999ರಲ್ಲಿ ನಾನು ನಾಗಪುರದ ಹಿಂಗಣಾ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಜೂನಿಯರ್ ಮೇಂಟೆನೆನ್ಸ್ ಇಂಜಿನಿಯರ್ ಆಗಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಅಲ್ಲಿ ಸೇರಿ ಒಂದು ವರ್ಷವಾಗಿತ್ತು. ಕೇಂದ್ರ ಸರ್ಕಾರಿ ನೌಕರಿಯಲ್ಲಿದ್ದ ಅಪ್ಪನಿಗೆ ಧಾರವಾಡದಿಂದ ವರ್ಗವಾದ ಮೇಲೆ ನಮ್ಮ ಮನೆ ಧರಮಪೇಠದಲ್ಲಿತ್ತು. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಿದರೆ ವಾಪಸು ಬರುವುದು ಸಂಜೆ. ಪ್ರೆಸ್ ಶಾಪಿನಲ್ಲಿ ನಾನೊಬ್ಬಳೇ ಹೆಂಗಸು. ಆ ಬಗ್ಗೆ ಹೇಳುವಂಥದ್ದು ಬೇರೆ ಇದೆ, ಇಲ್ಲಿ ಹೇಳುವುದಿಲ್ಲ. ಈ ಬರಹ ಒಂದು ಬ್ರೇಕಿನ ಬಗ್ಗೆ, ಮತ್ತು ಆ ಬ್ರೇಕ್ ಹಿಡಿಯದೆ ಎರಡು ಬೆರಳು ಕಳೆದುಕೊಂಡವನ ಮೇಲೆಯೇ ತಪ್ಪು ಹೊರಿಸಿ ಕೆಲಸದಿಂದ ತೆಗೆಯಲು ಹೊರಟವರ ಬಗ್ಗೆ. ಏಳೆಂಟು ವರ್ಷ ಕಳೆದಿವೆ. ನನ್ನ ಸಿಟ್ಟು ಇಳಿದಿಲ್ಲ.

ಲಾರಿಗಳಿಗೆ ಬೇಕಾದ ಬ್ರ್ಯಾಕೆಟ್‌ಗಳನ್ನು ದಪ್ಪ ಉಕ್ಕಿನ ತಗಡಿನಿಂದ ಕತ್ತರಿಸುವುದು ನಮ್ಮ ಕೆಲಸ. ಅದಕ್ಕೆ ಸಾಲಾಗಿ ಆರು ಪವರ್ ಪ್ರೆಸ್‌ಗಳಿದ್ದವು. ನಾಲ್ಕನೆಯದು ನೂರು ಟನ್ನಿನದು. ಪವರ್ ಪ್ರೆಸ್ಸನ್ನು ಕಾಣದವರಿಗಾಗಿ ಸ್ವಲ್ಪ ವಿವರಿಸಬೇಕು. ಅದರಲ್ಲಿ ಫ್ಲೈವೀಲ್ ಎಂಬ ದೊಡ್ಡ ಚಕ್ರ ಸದಾ ತಿರುಗುತ್ತಿರುತ್ತದೆ. ಆಪರೇಟರ್ ಎರಡೂ ಕೈಗಳಿಂದ ಎರಡು ಗುಂಡಿ ಒತ್ತಿದಾಗ ಕ್ಲಚ್ ಹಿಡಿದು, ಚಕ್ರದ ಬಲ ರ‍್ಯಾಮ್ ಎಂಬ ಭಾರಿ ಉಕ್ಕಿನ ದಿಮ್ಮಿಗೆ ಸಿಗುತ್ತದೆ. ರ‍್ಯಾಮ್ ಇಳಿದು ಡೈ ಎಂಬ ಅಚ್ಚಿನ ಮೇಲಿಟ್ಟ ತಗಡನ್ನು ಕತ್ತರಿಸಿ ಮೇಲೇರುತ್ತದೆ. ಮೇಲೆ ಬಂದ ಕೂಡಲೇ ಕ್ಲಚ್ ಬಿಡಬೇಕು, ಬ್ರೇಕ್ ಹಿಡಿಯಬೇಕು, ರ‍್ಯಾಮ್ ಅಲ್ಲಿಯೇ ನಿಲ್ಲಬೇಕು. ಅದು ನಿಲ್ಲುತ್ತದೆ ಎಂಬ ನಂಬಿಕೆಯಲ್ಲಿ ಆಪರೇಟರ್ ಕೆಳಗೆ ಕೈ ಹಾಕಿ ತುಂಡನ್ನು ತೆಗೆಯುತ್ತಾನೆ.

ಈ ಬ್ರೇಕ್ ನ್ಯೂಮ್ಯಾಟಿಕ್, ಅಂದರೆ ಗಾಳಿಯ ಒತ್ತಡದಿಂದ ನಡೆಯುವಂಥದ್ದು. ಆದರೆ ಗಾಳಿ ಇಲ್ಲಿ ಬ್ರೇಕನ್ನು ಹಿಡಿಸುವುದಿಲ್ಲ, ಬಿಡಿಸುತ್ತದೆ. ಹಿಡಿಸುವುದು ಬಲವಾದ ಸ್ಪ್ರಿಂಗ್‌ಗಳು. ಕಂಪ್ರೆಸರಿನಿಂದ ಐದೂವರೆ ಕೆಜಿ ಒತ್ತಡದ ಗಾಳಿ ಒಳಗೆ ಬಂದಾಗ ಸ್ಪ್ರಿಂಗ್ ಹಿಂದೆ ಸರಿದು ಬ್ರೇಕ್ ಬಿಡುತ್ತದೆ. ಗಾಳಿ ಹೊರಗೆ ಹೋದಾಗ ಸ್ಪ್ರಿಂಗ್ ಮುಂದೆ ಬಂದು ಬ್ರೇಕ್ ಬೀಳುತ್ತದೆ. ಕರೆಂಟು ಹೋದರೂ, ಹೋಸ್ ಒಡೆದರೂ, ಕಂಪ್ರೆಸರ್ ನಿಂತರೂ ಪ್ರೆಸ್ ನಿಂತುಬಿಡಲಿ ಎಂದೇ ಈ ಏರ್ಪಾಡು. ಅದಕ್ಕೆ ಒಂದೇ ಷರತ್ತು: ಒಳಗಿನ ಗಾಳಿ ಕಣ್ಣುಮಿಟುಕಿಸುವಷ್ಟರಲ್ಲಿ ಪೂರ್ತಿ ಹೊರಗೆ ಹೋಗಬೇಕು. ಹೋಗುವ ದಾರಿ ಎಕ್ಸಾಸ್ಟ್ ವಾಲ್ವ್. ಪ್ರತಿ ಹೊಡೆತಕ್ಕೂ ಅಲ್ಲಿಂದ ಗಾಳಿ ‘ಫುಸ್ಸ್’ ಎಂದು ಚಿಮ್ಮುತ್ತದೆ. ಪಕ್ಕದಲ್ಲಿ ನಿಂತರೆ ಮಾತು ಕೇಳಿಸುವುದಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಹೊಸ ಜನರಲ್ ಮ್ಯಾನೇಜರ್ ಬಂದರು. ಆಫೀಸು ಕಟ್ಟಡದ ಕೋಣೆ ಅವರಿಗೆ ಹಿಡಿಸಲಿಲ್ಲ. ಪ್ರೆಸ್ ಶಾಪಿನೊಳಗೇ, ನಾಲ್ಕನೆಯ ಪ್ರೆಸ್ಸಿನಿಂದ ಹದಿನೈದು ಅಡಿ ದೂರದಲ್ಲಿ, ಗಾಜಿನ ಕ್ಯಾಬಿನ್ ಕಟ್ಟಿಸಿಕೊಂಡರು. ಗ್ರಾಹಕರು ಏಸಿಯಲ್ಲಿ ಕೂತು ಚಹಾ ಕುಡಿಯುತ್ತ ಉತ್ಪಾದನೆ ನೋಡಬೇಕೆಂಬುದು ಅವರ ಆಸೆ. ಕಾರ್ಮಿಕರು ಮೊದಲ ದಿನವೇ ಅದಕ್ಕೆ ‘ಮಛಲಿಘರ್’ ಎಂದು ಹೆಸರಿಟ್ಟರು, ಮೀನಿನ ಮನೆ. ನಾಲ್ಕನೆಯ ಪ್ರೆಸ್ಸಿನ ಆಪರೇಟರ್ ವಿಲಾಸ್ ವರ್ಧಾ ಕಡೆಯವನು. ಹನ್ನೊಂದು ವರ್ಷದಿಂದ ಅದೇ ಯಂತ್ರದ ಮೇಲಿದ್ದ. ಅವನು ಗಂಭೀರವಾಗಿ ನನ್ನನ್ನು ಕೇಳಿದ್ದ: “ಮ್ಯಾಡಮ್, ಇದರಲ್ಲಿ ಮೀನು ಯಾರು? ಅವರೋ, ನಾವೋ?”

ಗಾಜು ಶಬ್ದವನ್ನು ತಡೆಯಲಿಲ್ಲ. ಸಾಹೇಬರು ಫೋನೆತ್ತಿದರೆ ನಿಮಿಷಕ್ಕೆ ಹನ್ನೆರಡು ಸಲ ಫುಸ್ಸ್ ಎನ್ನುತ್ತಿತ್ತು. ಒಂದು ಸೋಮವಾರ ಅವರು ನಮ್ಮ ವಿಭಾಗದ ಮುಖ್ಯಸ್ಥರಾದ ದೇಶಮುಖ್ ಅವರನ್ನು ಕರೆದರು. ಬ್ರೇಕಿನ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪದರ, ಎಷ್ಟು ಸವೆದಿದೆ ಎಂಬ ಪಟ್ಟಿ ತೋರಿಸಲು ಹೋಗಿದ್ದ ನಾನೂ ಅಲ್ಲಿದ್ದೆ.

“ಗುರುವಾರ ಗ್ರಾಹಕರು ಬರ್ತಾರೆ. ಅಷ್ಟರೊಳಗೆ ಈ ಹಾವಿನ ಬಾಯಿ ಮುಚ್ಚಿಸಿ.”

“ಸೈಲೆನ್ಸರ್ ತರಿಸಬೇಕು ಸರ್. ವಾಲ್ವಿನ ಅಳತೆಯದ್ದೇ ಬೇಕು, ಎರಡು ವಾರ ಹಿಡಿಯುತ್ತೆ,” ಎಂದರು ದೇಶಮುಖ್.

“ನಾನು ಗುರುವಾರ ಅಂದೆ.”

ಮುಚ್ಚುವ ಕೆಲಸ ಫಿಟ್ಟರ್ ಶಿವಪುತ್ರಪ್ಪನವರ ಪಾಲಿಗೆ ಬಂತು. ವಿಜಾಪುರ ಕಡೆಯವರು, ನಾಗಪುರಕ್ಕೆ ಬಂದು ಮೂವತ್ತು ವರ್ಷವಾಗಿತ್ತು. ಕಾರ್ಖಾನೆಯಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಬಾಯಾರ, ಅಂದರೆ ಅಮ್ಮಾವರೇ, ಎನ್ನುತ್ತಿದ್ದರು. ಅವರು ಎಕ್ಸಾಸ್ಟಿಗೆ ಅರ್ಧ ಇಂಚಿನ ಹನ್ನೆರಡು ಅಡಿ ಉದ್ದದ ಪೈಪ್ ಜೋಡಿಸಿ, ಹಿಂದಿನ ಗೋಡೆಗೆ ತೂತು ಹೊಡೆದು ಹೊರಗೆ ಬಿಟ್ಟರು. ಹೊರಗಿನಿಂದಲೂ ಶಬ್ದ ಕೇಳುತ್ತದೆ ಎಂದಾಗ, ದೇಶಮುಖ್ ಹೇಳಿದಂತೆ, ಆ ತುದಿಗೆ ಯಂತ್ರ ಒರೆಸುವ ಕಾಟನ್ ವೇಸ್ಟ್ ತುರುಕಿ ಮೇಲೆ ತಂತಿ ಬಲೆ ಕಟ್ಟಿದರು. ಗುರುವಾರ ಗ್ರಾಹಕರು ಬಂದು, ಚಹಾ ಕುಡಿದು, ಶಾಪು ಎಷ್ಟು ಶಾಂತವಾಗಿದೆ ಎಂದು ಹೊಗಳಿ ಹೋದರು.

ಪೈಪು ಅಲ್ಲಿಯೇ ಉಳಿಯಿತು. ತಿಂಗಳ ತಪಾಸಣೆ ನನ್ನ ಕೆಲಸ. ಜೂನ್ ತಿಂಗಳ ಪಟ್ಟಿಯಲ್ಲಿ ನಾನು ಸ್ವಂತ ಕೈಯಿಂದ ಬರೆದೆ: ‘ಎಕ್ಸಾಸ್ಟ್ ಪೈಪನ್ನು ಗೋಡೆಯ ಹೊರಗೆ ಬಿಡಲಾಗಿದೆ. ಶಬ್ದ ಕಡಿಮೆ. ಉತ್ತಮ.’ ಜುಲೈನಲ್ಲೂ ಬರೆದೆ, ಆಗಸ್ಟಿನಲ್ಲೂ ಬರೆದೆ. ಲೈನಿಂಗ್ ಸವೆತ ಅಳೆದೆ, ಗಾಳಿಯ ಒತ್ತಡ ನೋಡಿದೆ, ಗಾಳಿ ತುಂಬಿಡುವ ರಿಸೀವರ್ ಟ್ಯಾಂಕಿನ ನೀರು ಬಸಿದಿದ್ದಾರೆಯೇ ಎಂದು ನೋಡಿದೆ. ಒಳಗೆ ಬರುವ ಗಾಳಿಯ ಬಗ್ಗೆ ನನಗೆ ಎಲ್ಲವೂ ಗೊತ್ತಿತ್ತು. ಹೊರಗೆ ಹೋಗುವ ಗಾಳಿಗೆ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಒಮ್ಮೆಯೂ ಅಳೆಯಲಿಲ್ಲ.

ವಾಲ್ವ್ ಸವೆಯದಿರಲಿ ಎಂದು ಪ್ರೆಸ್ಸಿನ ಗಾಳಿಯಲ್ಲಿ ಎಣ್ಣೆಯ ತುಂತುರು ಬೆರೆಸಿರುತ್ತಾರೆ. ಆ ಎಣ್ಣೆ ದಿನವಿಡೀ ಕಾಟನ್ ವೇಸ್ಟಿಗೆ ಹೋಗಿ ಕೂರುತ್ತಿತ್ತು. ಹೊರಗಿನ ಧೂಳು, ಮೂರು ತಿಂಗಳ ಮಳೆಯ ತೇವ ಅದರ ಜೊತೆ ಸೇರಿ ಹತ್ತಿ ಗಟ್ಟಿ ಬಿರಡೆಯಾಗಿತ್ತು.

ಸೆಪ್ಟೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ವಿಲಾಸ್ ಗುಂಡಿ ಒತ್ತಿದ. ರ‍್ಯಾಮ್ ಇಳಿಯಿತು, ಏರಿತು. ಅವನು ತುಂಡು ತೆಗೆಯಲು ಬಲಗೈ ಹಾಕಿದ. ರ‍್ಯಾಮ್ ನಿಲ್ಲಲಿಲ್ಲ, ಮತ್ತೆ ಇಳಿಯಿತು. ನಾನು ಕಂಪ್ರೆಸರ್ ಕೋಣೆಯಲ್ಲಿದ್ದೆ. ಕೂಗು ಕೇಳಿ ಓಡಿದೆ. ತೋರುಬೆರಳು ಮತ್ತು ಮಧ್ಯದ ಬೆರಳು ಎರಡನೆಯ ಗೆಣ್ಣಿನವರೆಗೆ ಹೋಗಿದ್ದವು. ಅದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಅವನ ಜೊತೆ ಆಸ್ಪತ್ರೆಗೆ ಹೋಗಿ ಮೂರು ಗಂಟೆಗೆ ವಾಪಸು ಬಂದಾಗ ನಾಲ್ಕನೆಯ ಪ್ರೆಸ್ಸಿನ ಹಿಂದೆ ಪೈಪು ಇರಲಿಲ್ಲ. ಗೋಡೆಯ ತೂತಿದ್ದ ಜಾಗದಲ್ಲಿ ಹಸಿ ಸಿಮೆಂಟು ಮೆತ್ತಿತ್ತು. ದೇಶಮುಖ್ ಪ್ರೆಸ್ಸನ್ನು ಒಂದು ಸಲ ಹೊಡೆಸಿ ನೋಡಿ, ರ‍್ಯಾಮ್ ಸರಿಯಾಗಿ ನಿಂತಿತೆಂದು ‘ಬ್ರೇಕ್ ಸುಸ್ಥಿತಿಯಲ್ಲಿದೆ’ ಎಂದು ಬರೆದಿಟ್ಟಿದ್ದರು. ಪೈಪು ತೆಗೆದ ಮೇಲೆ ನಿಲ್ಲದೆ ಏನು ಮಾಡುತ್ತದೆ?

“ಕಾಕಾ, ಪೈಪ್ ಎಲ್ಲಿ?” ಎಂದೆ.

ಶಿವಪುತ್ರಪ್ಪ ನನ್ನ ಮುಖ ನೋಡಲಿಲ್ಲ. “ನನ್ನ ಕೇಳಬ್ಯಾಡ್ರಿ ಬಾಯಾರ. ಎರಡ ವರ್ಷದಾಗ ರಿಟೈರ್ ಆಗಾಂವ ನಾ.”

ಮರುದಿನ ಆಸ್ಪತ್ರೆಯಲ್ಲಿ ವಿಲಾಸ್ ಮಾತಾಡುವ ಸ್ಥಿತಿಯಲ್ಲಿದ್ದ. ಕೈಗೆ ದೊಡ್ಡ ಬ್ಯಾಂಡೇಜು, ಮಂಚದ ಪಕ್ಕ ಹೆಂಡತಿ. “ಶನಿವಾರದಿಂದ ರ‍್ಯಾಮ್ ಸರಕುತ್ತಿತ್ತು ಮ್ಯಾಡಮ್. ಮೇಲೆ ಹೋಗಿ ನಿಲ್ಲದೆ ಸ್ವಲ್ಪ ಕೆಳಗೆ ಜಾರೋದು. ಜಲ್ದಿ ಜಲ್ದಿ ಹೊಡೆದರೆ ಮಾತ್ರ. ದೇಶಮುಖ್ ಸಾಹೇಬರಿಗೆ ಹೇಳಿದೆ. ನಿನಗೆ ವಯಸ್ಸಾಯ್ತು, ನಿನ್ನ ಕೈಯೇ ನಿಧಾನ ಅಂದರು.” ಆಮೇಲೆ ಹೇಳಿದ, “ನನಗೆ ಮೂವತ್ನಾಲ್ಕು.”

‘ಜಲ್ದಿ ಹೊಡೆದರೆ ಮಾತ್ರ’ ಎಂಬ ಮಾತು ನನ್ನ ತಲೆಯಲ್ಲಿ ಉಳಿಯಿತು. ನಿಧಾನಕ್ಕೆ ಒಂದೊಂದೇ ಹೊಡೆದರೆ ಕಟ್ಟಿಕೊಂಡ ಪೈಪಿನಿಂದಲೂ ಗಾಳಿ ಹೇಗೋ ಹೊರಗೆ ಹೋಗಲು ಸಮಯ ಸಿಗುತ್ತದೆ. ಕೆಲಸದ ವೇಗದಲ್ಲಿ ಹೊಡೆದರೆ ಪ್ರತಿ ಸಲವೂ ಒಂದಿಷ್ಟು ಗಾಳಿ ಒಳಗೇ ಉಳಿದು ಕೂಡುತ್ತ ಹೋಗುತ್ತದೆ. ಕೊನೆಗೆ ಸ್ಪ್ರಿಂಗಿಗೆ ಅದನ್ನು ತಳ್ಳಿ ಬ್ರೇಕ್ ಹಿಡಿಯಲು ಆಗುವುದಿಲ್ಲ.

ಶುಕ್ರವಾರ ಗಾಜಿನ ಕ್ಯಾಬಿನ್ನಿಗೆ ಕರೆ ಬಂತು. ಎರಡು ಪುಟದ ವರದಿ ಟೈಪಾಗಿ ಸಿದ್ಧವಿತ್ತು. ಅದರ ಪ್ರಕಾರ ಬ್ರೇಕ್ ಮತ್ತು ಕ್ಲಚ್ ಸುಸ್ಥಿತಿಯಲ್ಲಿದ್ದವು. ತುಂಡು ತೆಗೆಯಲು ಇಕ್ಕಳ ಒದಗಿಸಿದ್ದರೂ ಆಪರೇಟರ್ ಬರಿಗೈ ಬಳಸಿದ. ಅಪಘಾತಕ್ಕೆ ಅವನ ಅಜಾಗರೂಕತೆಯೇ ಕಾರಣ. ಶಿಸ್ತುಕ್ರಮವಾಗಿ ಸೇವೆಯಿಂದ ತೆಗೆಯಬಹುದು. ಕೆಳಗೆ ಮೇಂಟೆನೆನ್ಸ್ ಇಂಜಿನಿಯರ್ ಎಂದು ಟೈಪು ಮಾಡಿ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

ಇಕ್ಕಳ ಇದ್ದದ್ದು ನಿಜ. ಅದು ಕಂಬದ ಮೊಳೆಗೆ ನೇತಾಡುತ್ತಿತ್ತು, ಕೆಂಪು ಬಣ್ಣ ಒಂದಿಷ್ಟೂ ಕಿತ್ತಿರಲಿಲ್ಲ. ಏಕೆಂದರೆ ಅದು ಆ ಡೈ ಒಳಗಿನ ತುಂಡಿನವರೆಗೆ ಮುಟ್ಟುತ್ತಲೇ ಇರಲಿಲ್ಲ, ಎರಡು ಇಂಚು ಗಿಡ್ಡವಾಗಿತ್ತು. ಆಡಿಟ್ ದಿನ ಅದನ್ನು ಕೈಯಲ್ಲಿ ಹಿಡಿದು ನಿಲ್ಲಬೇಕು, ಉಳಿದ ದಿನ ಕೈ ಹಾಕಿ ಲೆಕ್ಕದಷ್ಟು ತುಂಡು ಮಾಡಬೇಕು ಎಂಬುದು ಇಡೀ ಶಾಪಿಗೆ ಗೊತ್ತಿತ್ತು. ಗಾಜಿನ ಹಿಂದೆ ಕೂತು ಮೂರು ತಿಂಗಳು ಇದನ್ನೇ ನೋಡುತ್ತಿದ್ದವರು ಈಗ ಬರಿಗೈ ಎಂದು ಬರೆದಿದ್ದರು.

“ಪೈಪಿನ ವಿಷಯ ಇದರಲ್ಲಿ ಇಲ್ಲ ಸರ್,” ಎಂದೆ.

“ಯಾವ ಪೈಪು?” ಎಂದರು ಜನರಲ್ ಮ್ಯಾನೇಜರ್. ದೇಶಮುಖ್ ಗಾಜಿನಾಚೆ ನೋಡುತ್ತಿದ್ದರು.

ನಾನು ಜೋರಾಗಿ ಮಾತಾಡುವವಳಲ್ಲ. ವರದಿಯನ್ನು ಮೇಜಿನ ಮೇಲಿಟ್ಟು, ಸಹಿ ಮಾಡುವುದಿಲ್ಲ ಎಂದಷ್ಟೇ ಹೇಳಿ ಹೊರಗೆ ಬಂದೆ. ನೇರವಾಗಿ ಶೆಡ್ಡಿನ ಹಿಂಬದಿಗೆ ಹೋದೆ. ಒಳಗಿನ ತೂತಿಗೆ ಸಿಮೆಂಟು ಮೆತ್ತಿದವರು ಹೊರಗಿನ ಗೋಡೆಯನ್ನು ಮರೆತಿದ್ದರು. ಸುಣ್ಣ ಹೊಡೆದ ಗೋಡೆಯ ಮೇಲೆ, ತೂತಿನ ಕೆಳಗಿನಿಂದ ನೆಲದವರೆಗೆ, ಎಣ್ಣೆ ಸುರಿದ ಕಪ್ಪು ಪಟ್ಟಿ ಇತ್ತು.

ಆ ಸಂಜೆ ಅಪ್ಪನಿಗೆ ಎಲ್ಲ ಹೇಳಿ ತಪಾಸಣೆ ಪಟ್ಟಿಗಳ ಜೆರಾಕ್ಸ್ ತೋರಿಸಿದೆ. ಪೈಪು ಇತ್ತು ಎನ್ನಲು ಬರಹದಲ್ಲಿದ್ದ ಸಾಕ್ಷಿ ಅದೊಂದೇ. ಅಪ್ಪ ಕನ್ನಡಕ ಹಾಕಿಕೊಂಡು ಮೂರನ್ನೂ ಓದಿದರು.

“ಇದನ್ನ ಕೊಟ್ರ ಪೈಪ್ ಇತ್ತು ಅಂತ ಸಾಬೀತಾಗ್ತದ. ನೀ ನೋಡಿ ಉತ್ತಮ ಅಂತ ಬರದೀ ಅನ್ನೂದೂ ಸಾಬೀತಾಗ್ತದ. ಗೊತ್ತದ ಇಲ್ಲೋ?”

“ಗೊತ್ತದ ಅಪ್ಪಾ.”

“ಹಂಗಾರ ಊಟಾ ಮಾಡು,” ಎಂದರು. ಅವರೂ ಹೆಚ್ಚು ಮಾತಿನವರಲ್ಲ.

ಮುಂದಿನ ಬುಧವಾರ ಸರ್ಕಾರದ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬಂದರು. ತಲೆ ನರೆತ, ಅವಸರವಿಲ್ಲದ ಮನುಷ್ಯ. ಕ್ಯಾಬಿನ್ನಿನಲ್ಲಿ ವರದಿ ಓದಿ, ನನ್ನ ಸಹಿ ಏಕಿಲ್ಲ ಎಂದು ಕೇಳಿದರು. ನಾನು ಜೂನ್, ಜುಲೈ, ಆಗಸ್ಟಿನ ಪಟ್ಟಿಗಳನ್ನು ಮುಂದಿಟ್ಟೆ.

ಜನರಲ್ ಮ್ಯಾನೇಜರ್ ಅವನ್ನು ತಿರುವಿ ನೋಡಿ ನಕ್ಕರು. “ಉತ್ತಮ ಅಂತ ಬರೆದವರು ನೀವೇ! ಈ ಕಾಗದ ಒಪ್ಪಿದರೆ ಮೊದಲು ಮನೆಗೆ ಹೋಗೋದು ಯಾರು ಅಂತ ಯೋಚಿಸಿದ್ದೀರಾ?”

“ಯೋಚಿಸಿದ್ದೇನೆ. ಸಹಿ ನನ್ನದೇ. ತಪ್ಪು ಬರೆದಿದ್ದೆ,” ಎಂದೆ.

ಇನ್‌ಸ್ಪೆಕ್ಟರ್ ಆ ಪೈಪನ್ನು ನೋಡಬೇಕೆಂದರು. ಅದನ್ನು ಎಸೆದಾಯಿತು, ಎಂದರು ದೇಶಮುಖ್. ಪೈಪೇ ಇರಲಿಲ್ಲ ಎಂದವರ ಎದುರಿನಲ್ಲೇ ಹಾಗೆಂದುಬಿಟ್ಟು ತುಟಿ ಕಚ್ಚಿಕೊಂಡರು. ಇನ್‌ಸ್ಪೆಕ್ಟರ್ ಶಿವಪುತ್ರಪ್ಪನವರನ್ನು ಕರೆಸಿದರು. ಅವರು ಟೋಪಿ ತೆಗೆದು ಬಾಗಿಲಲ್ಲೇ ನಿಂತು ಎಲ್ಲರನ್ನೂ ಒಮ್ಮೆ ನೋಡಿ, ಹಿಂದಿಯಲ್ಲಿ ಹೇಳಿದರು: “ಸಾಹೇಬರು ಎಸೆದುಬಿಡು ಅಂದರು. ಎಲ್ಲಿ ಎಸೀಬೇಕು ಅಂತ ಹೇಳಲಿಲ್ಲ. ನನ್ನ ಲಾಕರ್ ಹಿಂದೆ ಎಸೆದಿದ್ದೀನಿ.” ನಂತರ ನನ್ನ ಪಕ್ಕ ಹಾಯುವಾಗ ಕನ್ನಡದಲ್ಲಿ, “ಎರಡ ವರ್ಷ ಏನ್ರಿ, ಹ್ಯಾಂಗರೆ ಕಳೀತಾವ,” ಎಂದರು.

ಪೈಪಿನ ತುದಿಯಲ್ಲಿ ಹತ್ತಿಯ ಬಿರಡೆ ಹಾಗೆಯೇ ಇತ್ತು, ಕಪ್ಪಗೆ, ರಬ್ಬರಿನಂತೆ.

ಒಂದು ಹೊಡೆತದ ಪರೀಕ್ಷೆ ಬೇಡ, ವಿಲಾಸ್ ಹೊಡೆಯುತ್ತಿದ್ದ ವೇಗದಲ್ಲೇ ಹತ್ತು ಹೊಡೆಯೋಣ ಎಂದು ಕೇಳಿಕೊಂಡೆ. ಡೈ ಖಾಲಿ ಮಾಡಿದೆವು. ಸುತ್ತ ಹಗ್ಗ ಕಟ್ಟಿ ಎಲ್ಲರನ್ನೂ ದೂರ ನಿಲ್ಲಿಸಿದೆವು. ಚಕ್ರದೊಡನೆ ತಿರುಗಿ ರ‍್ಯಾಮನ್ನು ಏರಿಳಿಸುವ ಕ್ರ್ಯಾಂಕಿನ ತುದಿಯ ತಟ್ಟೆಗೆ ಬಳಪದಿಂದ ಡಿಗ್ರಿ ಗೆರೆ ಎಳೆದೆ, ರ‍್ಯಾಮ್ ಮೇಲಿನ ತುದಿ ದಾಟಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಓದಲು. ಗುಂಡಿ ನಾನೇ ಒತ್ತಿದೆ. ಗುಂಡಿಗಳು ಡೈಯಿಂದ ದೂರವಿರುವುದರಿಂದ ಆ ಜಾಗ ಸುರಕ್ಷಿತ. ಶಿವಪುತ್ರಪ್ಪ ಗೆರೆ ಓದಿದರು, ಇನ್‌ಸ್ಪೆಕ್ಟರ್ ಬರೆದುಕೊಂಡರು.

ಮೊದಲು ಪೈಪಿಲ್ಲದೆ. ಹತ್ತೂ ಸಲ ರ‍್ಯಾಮ್ ಎಂಟರಿಂದ ಹತ್ತು ಡಿಗ್ರಿಯೊಳಗೆ ನಿಂತಿತು. ಆಮೇಲೆ ಪೈಪು ಜೋಡಿಸಿ. ಮೊದಲ ಹೊಡೆತಕ್ಕೆ ಇಪ್ಪತ್ತೆರಡು. ಎರಡನೆಯದಕ್ಕೆ ಮೂವತ್ತು. ನಾಲ್ಕನೆಯದಕ್ಕೆ ಐವತ್ತು. ಆರನೆಯದಕ್ಕೆ ತೊಂಬತ್ತು, ಅಂದರೆ ರ‍್ಯಾಮ್ ಅರ್ಧ ದಾರಿ ಕೆಳಗೆ ಬಂದು ನಿಂತಿತ್ತು. ಪ್ರತಿ ಸಲವೂ ಶಿವಪುತ್ರಪ್ಪನವರ ದನಿ ಸಣ್ಣದಾಗುತ್ತಿತ್ತು. ಎಂಟನೆಯ ಹೊಡೆತಕ್ಕೆ ರ‍್ಯಾಮ್ ಏರಿತು. ನಾನು ಗುಂಡಿಯಿಂದ ಕೈ ಎತ್ತಿದ್ದೆ. ಅದು ನಿಲ್ಲಲೇ ಇಲ್ಲ. ತಾನಾಗಿ ಮತ್ತೊಮ್ಮೆ ಕೆಳಗೆ ಬಂದು ಖಾಲಿ ಡೈ ಮೇಲೆ ಬಡಿಯಿತು.

ಶಾಪಿನಲ್ಲಿ ಉಳಿದ ಪ್ರೆಸ್‌ಗಳೂ ನಿಂತಿದ್ದವು. ಯಾರೋ ಒಬ್ಬ ಆಪರೇಟರ್ ಜೋರಾಗಿ ಹೇಳಿದ, “ವಿಲಾಸನ ಕೈ ನಿಧಾನವಂತೆ!”

ವರದಿ ಬದಲಾಯಿತು. ಅಜಾಗರೂಕತೆ ಎಂಬ ಪದ ಹೋಯಿತು, ಎಕ್ಸಾಸ್ಟ್ ಕಟ್ಟಿಕೊಂಡು ಬ್ರೇಕ್ ತಡವಾದದ್ದೇ ಕಾರಣವೆಂದು ಬರೆದರು. ವಿಲಾಸನ ಕೆಲಸ ಉಳಿಯಿತು. ಟೂಲ್ ಸ್ಟೋರಿಗೆ ಹಾಕಿದರು. ಹೊಸ ಸೈಲೆನ್ಸರ್ ಎರಡು ವಾರದಲ್ಲಿ ಬಂತು, ದೇಶಮುಖ್ ಮೊದಲೇ ಹೇಳಿದ್ದಷ್ಟೇ ಸಮಯದಲ್ಲಿ. ಕಾರ್ಖಾನೆ ಎರಡು ಮೆಮೊ ಕೊಟ್ಟಿತು: ಅನುಮತಿಯಿಲ್ಲದ ಪೈಪು ಅಳವಡಿಸಿದ್ದಕ್ಕೆ ಶಿವಪುತ್ರಪ್ಪನವರಿಗೆ, ತಪಾಸಣೆಯಲ್ಲಿ ಲೋಪವೆಸಗಿದ್ದಕ್ಕೆ ನನಗೆ. ನನ್ನದನ್ನು ನಾನು ಒಪ್ಪಿ ಸಹಿ ಮಾಡಿದೆ, ಅದು ನ್ಯಾಯವೇ. ಶಿವಪುತ್ರಪ್ಪನವರ ಮೆಮೊ ಓದಿದಾಗ ಮಾತ್ರ ಮೈ ಉರಿಯಿತು. ಅನುಮತಿಯಿಲ್ಲದ ಪೈಪಂತೆ! ಆಜ್ಞೆ ಕೊಟ್ಟಾಗ ನಾನು ಅದೇ ಕೋಣೆಯಲ್ಲಿದ್ದೆ. ಅದನ್ನೂ ಬರೆದುಕೊಟ್ಟೆ. ಮೌಖಿಕ ಹೇಳಿಕೆಗೆ ದಾಖಲೆ ಇಲ್ಲ ಎಂದು ವಾಪಸು ಬಂತು. ಜನರಲ್ ಮ್ಯಾನೇಜರ್ ಇನ್ನೂ ಎರಡು ವರ್ಷ ಅದೇ ಕ್ಯಾಬಿನ್ನಿನಲ್ಲಿದ್ದು, ಬಡ್ತಿ ಪಡೆದು ಹೋದರು.

ನವೆಂಬರಿನಲ್ಲಿ ವಿಲಾಸ್ ಕೆಲಸಕ್ಕೆ ಬಂದಾಗ ವರದಿಯ ಮರಾಠಿ ಪ್ರತಿ ತೆಗೆದುಕೊಂಡು ಸ್ಟೋರಿಗೆ ಹೋದೆ. ಅವನಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅವನು ಎಡಗೈಯಲ್ಲಿ ಕಾಗದ ಹಿಡಿದು, ಒಂದೊಂದು ಸಾಲನ್ನೂ ನಿಧಾನವಾಗಿ ಓದಿದ. ಕೊನೆಗೆ ಮೊದಲ ಪುಟಕ್ಕೆ ಹೋಗಿ ಮತ್ತೆ ನೋಡಿದ.

“ಇದರಲ್ಲಿ ನನ್ನ ಹೆಸರು ನಾಲ್ಕು ಸಲ ಇದೆ ಮ್ಯಾಡಮ್. ನಿಮ್ಮದು ಮೂರು ಸಲ, ಶಿವಪುತ್ರಪ್ಪ ಮಿಸ್ತ್ರಿದು ಎರಡು ಸಲ. ಪೈಪ್ ಹಾಕಿ ಅಂದವರದು?”

“ಇಲ್ಲ,” ಎಂದೆ.

“ಹಾಗಾದರೆ ಅದು ತಾನೇ ಬಂದು ಕೂತಿತ್ತು,” ಎಂದು ಕಾಗದವನ್ನು ನನ್ನ ಕೈಗೇ ಕೊಟ್ಟ. ಯಾರೋ ಡ್ರಿಲ್ ಬಿಟ್ ಕೇಳಿಕೊಂಡು ಬಂದರು, ಅವನು ಆ ಕಡೆ ತಿರುಗಿದ.

ನಂತರ ನಾನು ಬೇರೆ ಕಡೆ ಸೇರಿದೆ. ಈಗ ಇಡೀ ಸ್ಥಾವರದ ಪ್ರೆಸ್ ಸುರಕ್ಷತೆ ನನ್ನ ಜವಾಬ್ದಾರಿ. ಬ್ರೇಕ್ ಪರೀಕ್ಷೆಯನ್ನು ಕೆಲಸದ ವೇಗದಲ್ಲಿ ಹತ್ತು ಹೊಡೆತಕ್ಕೆ ಮಾಡಿಸುತ್ತೇನೆ, ನಿಲ್ಲುವ ಡಿಗ್ರಿ ಬರೆಸುತ್ತೇನೆ, ಎಕ್ಸಾಸ್ಟ್ ಬಾಯಿಯನ್ನು ಬೆರಳಿಟ್ಟು ನೋಡುತ್ತೇನೆ. ಇಷ್ಟನ್ನು ಯಾವ ಕೈಪಿಡಿಯಾದರೂ ಕಲಿಸೀತು. ನನಗೆ ಆ ಸ್ಟೋರಿನ ಕಿಟಕಿಯಲ್ಲಿ ತಿಳಿದದ್ದು ಬೇರೆ. ಬ್ರೇಕ್ ಕೆಡುವ ಮೊದಲು ಯಾರೋ ಒಬ್ಬರು ತಮ್ಮ ಅನುಕೂಲಕ್ಕಾಗಿ ಒಂದು ಮಾತು ಹೇಳಿರುತ್ತಾರೆ, ಆ ಮಾತು ಕಾಗದದ ಮೇಲೆ ಬರುವುದಿಲ್ಲ. ಆದ್ದರಿಂದ ನನ್ನ ತಪಾಸಣೆ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಿಗೆ ಇದೆ: ಯಂತ್ರದಲ್ಲಿ ಮಾಡಿದ ಬದಲಾವಣೆ, ಮಾಡಲು ಹೇಳಿದವರ ಹೆಸರು, ಅವರದೇ ಸಹಿ. ದೊಡ್ಡ ಹುದ್ದೆಯವರಿಗೆ ಈ ಸಾಲು ಇಷ್ಟವಾಗುವುದಿಲ್ಲ. ಆಮೇಲೆ ಬರೆಯೋಣ ಬಿಡಿ, ಎನ್ನುತ್ತಾರೆ. ನಾನು ವಾದ ಮಾಡುವುದಿಲ್ಲ. ಹೆಸರು ಬರೆಯುವವರೆಗೆ ಪ್ರೆಸ್ಸಿನ ಗಾಳಿಯ ವಾಲ್ವಿಗೆ ಬೀಗ ಬಿದ್ದಿರುತ್ತದೆ, ಕೀಲಿ ನನ್ನ ಹತ್ತಿರ ಇರುತ್ತದೆ.